ನೀವು ಕೇಳಿದ್ದು: ಜಪದಲ್ಲಿ ಓಡುವ ಮನಸ್ಸು, ತಡೆಯದ ಸಿಟ್ಟು, ಹೇಳದೇ ಉಳಿದ ಮಾತು

ಈ ಸಲ ಬಂದ ಪತ್ರಗಳನ್ನು ಎರಡೆರಡು ಸಲ ಓದಿದೆ. ದೇವರು ಇದ್ದಾನಾ, ಮೋಕ್ಷ ಅಂದರೆ ಏನು ಅಂತ ಕೇಳಿದವರು ಕಡಿಮೆ. ಮನೆಯಲ್ಲಿ, ಕೆಲಸದ ಜಾಗದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹುಟ್ಟಿದ ಪ್ರಶ್ನೆಗಳೇ ಜಾಸ್ತಿ. ಹೆಸರು ಬೇಡ ಅಂತ ಬಹಳ ಜನ ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಜಪಕ್ಕೆ ಕೂರುತ್ತೇನೆ. ಕೈ ಮಣಿ ಎಣಿಸುತ್ತಿರುತ್ತದೆ, ತಲೆಯಲ್ಲಿ ಆಫೀಸು, ಸಾಲ, ಮಗಳ ಪರೀಕ್ಷೆ. ಇಂಥ ಜಪದಿಂದ ಏನಾದರೂ ಉಪಯೋಗ ಇದೆಯಾ? ಇಲ್ಲ, ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೇನಾ?

ನಿಮ್ಮ ಮನಸ್ಸು ಓಡುತ್ತಿದೆ ಅಂತ ನಿಮಗೆ ಗೊತ್ತಾಗುತ್ತಿದೆಯಲ್ಲ, ಅದೇ ಈ ಹತ್ತು ವರ್ಷದ ಗಳಿಕೆ. ಜಪಕ್ಕೆ ಕೂರದವರ ಮನಸ್ಸೂ ಹೀಗೇ ಓಡುತ್ತಿರುತ್ತದೆ. ಅವರಿಗೆ ಗೊತ್ತಾಗುವುದಿಲ್ಲ ಅಷ್ಟೇ.

ಈ ದೂರು ತುಂಬಾ ಹಳೆಯದು. ಗೀತೆಯ 6ನೇ ಅಧ್ಯಾಯದಲ್ಲಿ ಅರ್ಜುನ ಇದನ್ನೇ ಹೇಳುತ್ತಾನೆ. ಮನಸ್ಸು ಚಂಚಲ, ಬಲು ಗಟ್ಟಿ, ಅದನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ ಅಂತ. ಕೃಷ್ಣ ಅವನನ್ನು ಬೈಯುವುದಿಲ್ಲ. 'ಅಸಂಶಯಂ' ಅನ್ನುತ್ತಾನೆ. ಅನುಮಾನವೇ ಇಲ್ಲ ಕಣಪ್ಪಾ, ನೀನು ಹೇಳಿದ್ದು ಸರಿ ಅಂತ ಮೊದಲು ಒಪ್ಪಿಕೊಂಡು ಆಮೇಲೆ ಅಭ್ಯಾಸ, ವೈರಾಗ್ಯ ಅಂತ ಎರಡು ದಾರಿ ತೋರಿಸುತ್ತಾನೆ. ಅದಕ್ಕೂ ಸ್ವಲ್ಪ ಮೊದಲು, 26ನೇ ಶ್ಲೋಕದಲ್ಲಿ, ಮನಸ್ಸು ಎಲ್ಲೆಲ್ಲಿಗೆ ಓಡಿಹೋಗುತ್ತದೋ ಅಲ್ಲಲ್ಲಿಂದ ಅದನ್ನು ವಾಪಸ್ ಕರೆದುಕೊಂಡು ಬಾ ಅಂತಾನೆ. ಶ್ಲೋಕದಲ್ಲಿ 'ಯತೋ ಯತೋ' ಅಂತ ಎರಡು ಸಲ ಇದೆ, 'ತತಸ್ತತೋ' ಅಂತ ಮತ್ತೆ ಎರಡು ಸಲ. ಅದು ಒಂದು ಸಲ ಓಡಿ ಸುಮ್ಮನಾಗುವ ಪ್ರಾಣಿ ಅಲ್ಲ ಅಂತ ಹೇಳಿದವನಿಗೂ ಗೊತ್ತಿತ್ತು.

ಜಪಮಾಲೆಯನ್ನೇ ನೋಡಿ. 108 ಮಣಿ, ಆಮೇಲೆ ಮೇರು ಅನ್ನುವ ಇನ್ನೊಂದು ಮಣಿ. ಮೇರುವನ್ನು ದಾಟುವ ಹಾಗಿಲ್ಲ, ಅಲ್ಲಿಂದ ಮಾಲೆ ತಿರುಗಿಸಿ ಮತ್ತೆ ಶುರು ಮಾಡಬೇಕು. ಹೆಬ್ಬೆರಳು ಒಂದೊಂದೇ ಮಣಿಯನ್ನು ಮಧ್ಯದ ಬೆರಳಿನ ಮೇಲೆ ಜಾರಿಸುತ್ತಾ ಬರುತ್ತದೆ, ನೀವು ಎಲ್ಲೋ ಇರುತ್ತೀರಿ, ಇದ್ದಕ್ಕಿದ್ದಂತೆ ದಪ್ಪ ಮಣಿ ಬೆರಳಿಗೆ ತಗಲುತ್ತದೆ. ಅಯ್ಯೋ, ಆಗಲೇ ಮುಗಿಯಿತಾ ಅಂತ ಬೆಚ್ಚುತ್ತೀರಿ. ಆ ಬೆಚ್ಚುವ ಕ್ಷಣ ಇದೆಯಲ್ಲ, ಆಗ ನೀವು ಪೂರ್ತಿ ಎಚ್ಚರವಾಗಿದ್ದೀರಿ. ಅದನ್ನು ನಾಚಿಕೆಯಲ್ಲಿ ಕಳೆದುಬಿಡಬೇಡಿ. ಅಲ್ಲಿಂದಲೇ ಮುಂದಿನ ಮಣಿ ಹಿಡಿಯಿರಿ.

ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ಜಪದಲ್ಲಿ ಮೂರು ಬಗೆ ಇದೆ. ಕಿವಿಗೆ ಕೇಳುವ ಹಾಗೆ ಹೇಳುವುದು ವಾಚಿಕ, ತುಟಿ ಮಾತ್ರ ಅಲ್ಲಾಡಿಸುವುದು ಉಪಾಂಶು, ಮನಸ್ಸಿನಲ್ಲೇ ಹೇಳಿಕೊಳ್ಳುವುದು ಮಾನಸಿಕ. ಮಾನಸಿಕವೇ ಮೇಲು ಅಂತ ಕೇಳಿರುವ ನಾವೆಲ್ಲ ಮೊದಲ ದಿನದಿಂದ ಅದಕ್ಕೇ ಕೈ ಹಾಕುತ್ತೇವೆ. ಮನಸ್ಸು ತುಂಬಾ ಓಡುವ ದಿನ ನಾಚಿಕೆ ಪಡದೆ ಬಾಯಿಬಿಟ್ಟು ಹೇಳಿ. ಕಿವಿ ಕೇಳಿಸಿಕೊಳ್ಳಲಿ. ಸ್ವಲ್ಪ ಹಿಡಿತ ಬಂದ ಮೇಲೆ ದನಿ ತಗ್ಗಿಸಿ. 108 ಆಗಲೇಬೇಕು ಅಂತ ಓಡುವುದಕ್ಕಿಂತ 11 ಮಣಿಯನ್ನು ಗಮನ ಇಟ್ಟು ಮಾಡುವುದು ಮೇಲು ಅಂತ ನನ್ನ ಅನುಭವ.

ಇನ್ನೊಂದು ವಿಷಯ ಇದೆ, ಅದು ನಿಮಗೇ ಬರೆದ ಹಾಗಿದೆ. ಪತಂಜಲಿಯ ಯೋಗಸೂತ್ರದಲ್ಲಿ ಅಭ್ಯಾಸ ಬೇರೂರಬೇಕಾದರೆ ಏನೇನು ಬೇಕು ಅಂತ ಒಂದು ಸೂತ್ರ ಹೇಳುತ್ತದೆ. ದೀರ್ಘಕಾಲ ಮಾಡಬೇಕು, ಬಿಡದೆ ಮಾಡಬೇಕು, ಸತ್ಕಾರದಿಂದ ಮಾಡಬೇಕು. ಮೊದಲ ಎರಡೂ ನಿಮ್ಮಲ್ಲಿವೆ. ಮೂರನೆಯದನ್ನು ಒಮ್ಮೆ ಕೇಳಿಕೊಳ್ಳಿ. ಮನೆಗೆ ಬಂದ ನೆಂಟರನ್ನು ಸತ್ಕರಿಸುತ್ತೇವಲ್ಲ, ಆ ಆದರ ಜಪಕ್ಕೆ ಇದೆಯಾ? ಇಲ್ಲ, ಎದ್ದು ಹೊರಡುವ ಮುಂಚೆ ಮುಗಿಸಬೇಕಾದ ಇನ್ನೊಂದು ಕೆಲಸ ಆಗಿಬಿಟ್ಟಿದೆಯಾ? ಕೂರುವ ಮುಂಚೆ ಎರಡು ನಿಮಿಷ ಸುಮ್ನೆ ಕೂತಿರಿ. ಫೋನ್ ಬೇರೆ ಕೋಣೆಯಲ್ಲಿರಲಿ. ಮಾಲೆಯನ್ನು ಕಣ್ಣಿಗೊತ್ತಿಕೊಂಡು, ಬಂದೆ ಅಂತ ಹೇಳಿ ಶುರು ಮಾಡಿ. ಮನಸ್ಸು ಆಮೇಲೂ ಓಡುತ್ತದೆ. ವಾಪಸ್ ಬರುವುದು ಮಾತ್ರ ಬೇಗ ಆಗುತ್ತದೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಸಂಜೆ ಓದಿಸಲು ಕೂತರೆ ನನಗೆ ಎಲ್ಲಿಲ್ಲದ ಸಿಟ್ಟು. ಕೂಗಾಡುತ್ತೇನೆ, ಒಮ್ಮೊಮ್ಮೆ ಹೊಡೆದೂ ಬಿಡುತ್ತೇನೆ. ರಾತ್ರಿ ಅವನು ಮಲಗಿದ ಮೇಲೆ ಪಕ್ಕದಲ್ಲಿ ಕೂತು ಅಳುತ್ತೇನೆ. ದಿನಾ ದೇವರ ಮುಂದೆ ಕೈಮುಗಿದರೂ ಬದಲಾಗುತ್ತಿಲ್ಲ.

ತಾಯಿ, ನಿಮ್ಮ ಪತ್ರದಲ್ಲಿ ಒಂದು ಸಾಲು ಇತ್ತು. ಅವನು ತಪ್ಪು ಅಳಿಸಲು ಹೋಗಿ ಕಾಗದ ಹರಿದುಬಿಟ್ಟ, ಆಗ ಅವನು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದ ಅಂತ ಬರೆದಿದ್ದೀರಿ. ಅದನ್ನು ನೀವು ಕಂಡಿರಿ, ಬರೆದಿರಿ. ಬದಲಾವಣೆ ಶುರುವಾಗಿದೆ ಅಂತಲೇ ನಾನು ಅಂದುಕೊಳ್ಳುತ್ತೇನೆ.

ಗೀತೆಯ 2ನೇ ಅಧ್ಯಾಯದ 62, 63ನೇ ಶ್ಲೋಕಗಳಲ್ಲಿ ಸಿಟ್ಟಿನ ಪೂರ್ತಿ ವಂಶಾವಳಿ ಇದೆ. ಒಂದು ವಿಷಯವನ್ನೇ ನೆನೆಯುತ್ತಾ ಇದ್ದರೆ ಅದಕ್ಕೆ ಅಂಟಿಕೊಳ್ಳುತ್ತೇವೆ. ಅಂಟಿನಿಂದ ಬೇಕು ಅನ್ನುವ ಆಸೆ. ಆಸೆಗೆ ಅಡ್ಡಿ ಬಂದರೆ ಸಿಟ್ಟು. ಸಿಟ್ಟಿನಿಂದ ಮಂಕು, ಮಂಕಿನಿಂದ ಮರೆವು, ಮರೆವಿನಿಂದ ಬುದ್ಧಿ ಹೋಗುತ್ತದೆ. ನೋಡಿ, ಸಿಟ್ಟು ಬರುವುದು ನಾಲ್ಕನೇ ಮೆಟ್ಟಿಲಲ್ಲಿ. ನಾವು ಅಲ್ಲಿ ಬಾಗಿಲು ಹಾಕಲು ಹೋಗುತ್ತೇವೆ, ಅಷ್ಟರಲ್ಲಿ ಅದು ಒಳಗೆ ಬಂದಾಗಿರುತ್ತದೆ. ಕೆಳಗಿನ ಮೆಟ್ಟಿಲಿಗೆ ಹೋಗಿ. ಸಂಜೆ ಓದಿಸಲು ಕೂರುವ ಮುಂಚೆಯೇ ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತು? ಎಲ್ಲ ಬೇಗ ಮುಗಿಯಬೇಕು, ಅವನು ಬೇರೆ ಮಕ್ಕಳಿಗಿಂತ ಹಿಂದೆ ಬೀಳಬಾರದು, ಹಿಂದೆ ಬಿದ್ದರೆ ನನ್ನನ್ನು ಅನ್ನುತ್ತಾರೆ. ಆ ಹರಿದ ಕಾಗದದ ಮೇಲೆ ಇಷ್ಟೆಲ್ಲ ಭಾರ ಇತ್ತು. ಮಗುವಿಗೆ ಅದು ಬರೀ ಕಾಗದ.

ಸಿಟ್ಟು ಬಂದೇಬಿಟ್ಟಾಗ ಏನು ಮಾಡಬೇಕು? 5ನೇ ಅಧ್ಯಾಯದಲ್ಲಿ ಒಂದು ಒಳ್ಳೆಯ ಪದ ಇದೆ, 'ವೇಗ'. ಆಸೆ, ಸಿಟ್ಟುಗಳಿಂದ ಹುಟ್ಟುವ ವೇಗವನ್ನು ತಾಳಿಕೊಳ್ಳಬಲ್ಲವನು ಸುಖಿ ಅಂತ. ಸಿಟ್ಟೇ ಬರದವನು ಅಂತ ಅಲ್ಲಿ ಹೇಳಿಲ್ಲ. ವೇಗ ಅಂದ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಏರುವಾಗ ಮೈ ಮೊದಲು ಹೇಳುತ್ತದೆ: ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಉಸಿರು ಮೇಲೆ ಸಿಕ್ಕಿಕೊಳ್ಳುತ್ತದೆ. ನಿಮಗೆ ಯಾವುದು ಮೊದಲು ಅಂತ ಈ ವಾರ ಸುಮ್ನೆ ಗಮನಿಸಿ. ಅದು ಬಂದ ತಕ್ಷಣ ಎದ್ದು ಹೋಗಿ. ನೀರು ಕುಡಿದು ಬರ್ತೀನಿ ಪುಟ್ಟಾ ಅಂತ ಹೇಳಿ ಹೋಗಿ, ಅವನು ಹೆದರಬಾರದು. ಹೊಡೆಯುವುದನ್ನಂತೂ ಇವತ್ತಿಗೇ ನಿಲ್ಲಿಸಿ, ಅದನ್ನು ನಿಧಾನವಾಗಿ ಕಡಿಮೆ ಮಾಡುವ ಲೆಕ್ಕ ಬೇಡ.

ಮತ್ತೆ ಆ ರಾತ್ರಿಯ ಅಳು. ಮಲಗಿದ ಮಗುವಿಗೆ ನಿಮ್ಮ ಅಳು ಗೊತ್ತಾಗುವುದಿಲ್ಲ. ಎಚ್ಚರ ಇದ್ದಾಗ ಹೇಳಿ. ನಾನು ಕೂಗಿದ್ದು ತಪ್ಪು, ಕ್ಷಮಿಸು ಅಂತ ಅಷ್ಟೇ. ಆದರೆ ನೀನೂ ಹಾಗೆ ಮಾಡಬಾರದಿತ್ತು ಅಂತ ಬಾಲ ಸೇರಿಸಬೇಡಿ. ದೇವರ ಮುಂದೆ ಕೈಮುಗಿಯುವುದಕ್ಕಿಂತ ಇದು ಕಷ್ಟ ಅನ್ನಿಸುತ್ತದೆ, ನನಗೆ ಗೊತ್ತು.

ಪ್ರಶ್ನೆ: ಪೂಜೆಗೆ ಸಮಯವೇ ಸಿಗುವುದಿಲ್ಲ. ಪಾಪ ಬರುತ್ತದಾ?

ಇಲ್ಲ. ಎಲೆ, ಹೂವು, ಹಣ್ಣು, ನೀರು, ಯಾವುದನ್ನು ಭಕ್ತಿಯಿಂದ ಕೊಟ್ಟರೂ ತಗೊಳ್ಳುತ್ತೇನೆ ಅಂತ ಗೀತೆಯ 9ನೇ ಅಧ್ಯಾಯದಲ್ಲೇ ಇದೆ. ನೀರು ಎಲ್ಲರ ಮನೆಯಲ್ಲೂ ಇರುತ್ತದೆ. ಎದ್ದ ಮೇಲೆ ಒಂದು ನಿಮಿಷ ನಿಂತು ಒಂದು ಲೋಟ ನೀರಿಟ್ಟು ಕೈಮುಗಿಯಿರಿ, ಆಮೇಲೆ ಕೆಲಸಕ್ಕೆ ಓಡಿ.

ಪ್ರಶ್ನೆ: ನಮ್ಮ ಮಗಳು ಹುಟ್ಟಿದಾಗಿನಿಂದ ನಡೆಯಲಾರಳು. ಮನೆಗೆ ಬಂದವರು, ಗೊತ್ತಿರುವ ಪುರೋಹಿತರು, ಎಲ್ಲರೂ ಹಿಂದಿನ ಜನ್ಮದ ಪಾಪ ಅನ್ನುತ್ತಾರೆ. ಕೆಲವರು ಅವಳದು ಅಂತಾರೆ, ಕೆಲವರು ನಮ್ಮದು ಅಂತಾರೆ. ಕರ್ಮ ಸಿದ್ಧಾಂತ ಹಾಗೇ ಹೇಳುತ್ತದಾ?

ಈ ಪತ್ರ ಓದಿ ನನಗೆ ಬಹಳ ನೋವಾಯಿತು. ಸಿಟ್ಟೂ ಬಂತು. ಒಂದು ಮಗುವಿನ ಎದುರಿಗೆ ನಿಂತು ಇಂಥ ಮಾತಾಡುವವರಿಗೆ ಕರ್ಮದ ಬಗ್ಗೆ ಏನೂ ಗೊತ್ತಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಶಾಸ್ತ್ರದಲ್ಲಿ ಕರ್ಮವನ್ನು ಮೂರಾಗಿ ಹೇಳುತ್ತಾರೆ. ಕೂಡಿಟ್ಟಿದ್ದು ಸಂಚಿತ, ಈಗ ಅನುಭವಕ್ಕೆ ಬಂದಿದ್ದು ಪ್ರಾರಬ್ಧ, ಇನ್ನು ಮುಂದೆ ಕೂಡಲಿರುವುದು ಆಗಾಮಿ. ವೇದಾಂತದವರು ಇದಕ್ಕೆ ಬಾಣದ ಉದಾಹರಣೆ ಕೊಡುತ್ತಾರೆ. ಬತ್ತಳಿಕೆಯಲ್ಲಿರುವ ಬಾಣ ಒಂದು, ಬಿಟ್ಟಾಗಿರುವ ಬಾಣ ಒಂದು, ಕೈಯಲ್ಲಿ ಹಿಡಿದಿರುವ ಬಾಣ ಒಂದು. ಬಿಟ್ಟ ಬಾಣದ ಬಗ್ಗೆ ಮಾಡುವುದು ಏನೂ ಇಲ್ಲ. ಕೈಯಲ್ಲಿರುವ ಬಾಣ ನಮ್ಮದು. ಈ ಮಾತೆಲ್ಲ ಹೇಳಿರುವುದೇ ಆ ಕೈಯಲ್ಲಿರುವ ಬಾಣಕ್ಕಾಗಿ. ನಾನು ಈಗ ಏನು ಮಾಡಬೇಕು ಅನ್ನುವುದಕ್ಕಾಗಿ. ಬೇರೆಯವರ ಕಷ್ಟ ನೋಡಿ ಅವರ ಲೆಕ್ಕದ ಪುಸ್ತಕ ತೆರೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. 'ಗಹನಾ ಕರ್ಮಣೋ ಗತಿಃ' ಅಂತ ಕೃಷ್ಣನೇ ಹೇಳುತ್ತಾನೆ, ಕರ್ಮದ ದಾರಿ ಬಹಳ ಆಳ, ಸುಲಭಕ್ಕೆ ತಿಳಿಯುವಂಥದ್ದಲ್ಲ ಅಂತ. ಅವನು ಗಹನ ಅಂದಿದ್ದನ್ನು ಮನೆಗೆ ಬಂದ ನೆಂಟರು ಐದು ನಿಮಿಷದಲ್ಲಿ ಬಿಡಿಸಿ ಹೇಳುತ್ತಾರೆ ಅಂದರೆ ನಂಬಬೇಡಿ.

ಇನ್ನೊಂದು ಕಡೆಯಿಂದ ನೋಡಿ. ನಿಮ್ಮ ಮಗಳ ಕಷ್ಟ ಎದುರಿಗೆ ಬಂದಾಗ ಆ ನೆಂಟರು ಏನು ಮಾಡಿದರು ಅನ್ನುವುದೂ ಕರ್ಮವೇ ಅಲ್ವಾ? ಅವರ ಕೈಯಲ್ಲೂ ಒಂದು ಬಾಣ ಇತ್ತು. ಒಂದು ಒಳ್ಳೆಯ ಮಾತು ಆಡಬಹುದಿತ್ತು. ಅವಳ ಪಕ್ಕ ಕೂತು ಆಟ ಆಡಬಹುದಿತ್ತು. ನಿಮಗೆ ಒಂದು ಗಂಟೆ ಬಿಡುವು ಕೊಟ್ಟು ಮಗುವನ್ನು ನೋಡಿಕೊಳ್ಳಬಹುದಿತ್ತು.

ನೀವು ಮಾಡಬೇಕಾದ್ದು ಎರಡು. ಅವಳಿಗೆ ಬೇಕಾದ ಚಿಕಿತ್ಸೆ, ವ್ಯಾಯಾಮ, ಗಾಲಿಕುರ್ಚಿ, ಓದು, ಸ್ನೇಹಿತರು ಸಿಗುವ ಹಾಗೆ ನೋಡಿಕೊಳ್ಳಿ. ದೋಷ ಪರಿಹಾರ ಅಂತ ದುಡ್ಡು ಕೇಳುವವರಿಗೆ ಕೊಡುವುದನ್ನು ಅದಕ್ಕೇ ಖರ್ಚು ಮಾಡಿ. ಆಮೇಲೆ, ಮನೆಯೊಳಗೆ ಅವಳ ಕಿವಿಗೆ ಬೀಳುವ ಹಾಗೆ ಯಾರಾದರೂ ಪಾಪ ಅನ್ನುವ ಪದ ಎತ್ತಿದರೆ ಅಲ್ಲೇ ತಡೆಯಿರಿ. ಈ ಮಾತು ನಮ್ಮ ಮನೆಯಲ್ಲಿ ಬೇಡ ಅಂತ ಹೇಳಿ. ದೊಡ್ಡವರು, ಎದುರು ಮಾತಾಡಬಾರದು ಅಂತ ಸುಮ್ಮನಿರಬೇಡಿ. ಅವಳು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾಳೆ. ನಿಮ್ಮ ಉತ್ತರವನ್ನೂ ಕೇಳಿಸಿಕೊಳ್ಳುತ್ತಾಳೆ.

ಪ್ರಶ್ನೆ: ಫಲ ಬಯಸಬಾರದು ಅಂತಾರೆ. ಹಾಗಾದರೆ ಪ್ರಮೋಷನ್ ಕೇಳುವುದು ತಪ್ಪಾ? ಚೆನ್ನಾಗಿ ಕೆಲಸ ಮಾಡಿದರೂ ಎರಡು ಸಲ ನನ್ನನ್ನು ಬಿಟ್ಟು ಬೇರೆಯವರಿಗೆ ಕೊಟ್ಟರು.

ತಪ್ಪೇನಿಲ್ಲ, ಕೇಳಿ. 'ಕರ್ಮಣ್ಯೇವಾಧಿಕಾರಸ್ತೇ' ಶ್ಲೋಕಕ್ಕೆ ನಾಲ್ಕು ಪಾದ ಇದೆ, ನಾವು ಎರಡನ್ನು ಮಾತ್ರ ಬಾಯಲ್ಲಿ ಆಡುತ್ತೇವೆ. ಕೆಲಸದಲ್ಲಿ ನಿನಗೆ ಅಧಿಕಾರ, ಫಲದಲ್ಲಿ ಇಲ್ಲ. ಅಷ್ಟಕ್ಕೇ ನಿಲ್ಲಿಸಿಬಿಟ್ಟರೆ, ಹಾಗಾದರೆ ಯಾಕೆ ಮಾಡಬೇಕು ಅನ್ನಿಸುತ್ತದೆ. ಕೊನೆಯ ಪಾದ ಅದಕ್ಕೇ ಇದೆ: ಕೆಲಸ ಮಾಡದೆ ಇರುವುದಕ್ಕೆ ಅಂಟಿಕೊಳ್ಳಬೇಡ.

ಅಧಿಕಾರ ಇಲ್ಲ ಅಂದರೆ ಆಸೆಯೇ ಇರಬಾರದು ಅಂತ ಅರ್ಥ ಮಾಡಿಕೊಳ್ಳುವುದು ಬೇಡ. ನಿಮ್ಮ ಹಿಡಿತ ಎಲ್ಲಿಯವರೆಗೆ ಅಂತ ಅದು ಗೆರೆ ಎಳೆದು ತೋರಿಸುತ್ತದೆ. 18ನೇ ಅಧ್ಯಾಯದಲ್ಲಿ ಯಾವುದೇ ಕೆಲಸ ಆಗುವುದಕ್ಕೆ ಐದು ಕಾರಣ ಹೇಳಿದ್ದಾರೆ. ಕೆಲಸಕ್ಕೆ ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಐದನೆಯದು ದೈವ. ಮಾಡುವವನು ಐದರಲ್ಲಿ ಒಬ್ಬ. ಪೂರ್ತಿ ಗೆಲುವು ನಂದೇ ಅನ್ನುವುದೂ ಸುಳ್ಳು, ಪೂರ್ತಿ ಸೋಲು ನಂದೇ ಅನ್ನುವುದೂ ಸುಳ್ಳು. ಎರಡು ಸಲ ಬಿಟ್ಟುಹೋಗಿದ್ದಕ್ಕೆ ನೀವು ಕೈಲಾಗದವರು ಅಂತ ಅಂದುಕೊಂಡಿದ್ದರೆ ಆ ಲೆಕ್ಕ ತಪ್ಪಾಗಿದೆ.

ಮೇಲಿನವರ ಹತ್ತಿರ ಹೋಗಿ ಕೇಳಿ. ಏನು ಮಾಡಿದ್ದೀರಿ ಅಂತ ಬರೆದುಕೊಂಡೇ ಹೋಗಿ. ಅನ್ಯಾಯ ಕಂಡರೆ ಅದನ್ನೂ ಹೇಳಿ, ಗೀತೆ ಕೇಳಿದ ಮೇಲೆ ಅರ್ಜುನ ಬಿಲ್ಲು ಎತ್ತಿಕೊಂಡ, ಮನೆಗೆ ಹೋಗಿ ಮಲಗಲಿಲ್ಲ. ಕೇಳಿ ಬಂದ ರಾತ್ರಿ ಏನಾಗುತ್ತದೋ ಅಂತ ಲೆಕ್ಕ ಹಾಕುತ್ತಾ ಹೊರಳಾಡುತ್ತೇವಲ್ಲ, ಬಿಡಬೇಕಾದ್ದು ಅದನ್ನು.

ಪ್ರಶ್ನೆ: ಖಿನ್ನತೆಗೆ ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಧ್ಯಾನದ ತರಗತಿಗೆ ಸೇರಿದ್ದೇನೆ. ಮನಸ್ಸಿನ ಕಾಯಿಲೆಗೆ ಮಾತ್ರೆ ಯಾಕೆ, ಶ್ರದ್ಧೆ ಕಡಿಮೆ ಇರುವವರಿಗೆ ಮಾತ್ರ ಅದು ಅಂತ ಅಲ್ಲಿ ಒಬ್ಬರು ಹೇಳಿದರು. ಬಿಟ್ಟುಬಿಡಲಾ?

ಬಿಡಬೇಡಿ. ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಇಂಥ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೈಗೂ ಮನಸ್ಸಿಗೂ ತೊಂದರೆ ಆಗಬಹುದು. ಕಡಿಮೆ ಮಾಡುವುದಿದ್ದರೂ ಅವರೇ ಹಂತ ಹಂತವಾಗಿ ಮಾಡುತ್ತಾರೆ.

ಶ್ರದ್ಧೆಯ ಮಾತು ಬಂತು ಅಂತ ಹೇಳುತ್ತೇನೆ. ಗೀತೆಯ 1ನೇ ಅಧ್ಯಾಯ ತೆಗೆದು ನೋಡಿ. ಅರ್ಜುನನ ಕೈಕಾಲು ಸೋಲುತ್ತದೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಸುಡುತ್ತದೆ, ಬಿಲ್ಲು ಜಾರುತ್ತದೆ, ನಿಲ್ಲಲು ಆಗುತ್ತಿಲ್ಲ, ತಲೆ ಸುತ್ತುತ್ತಿದೆ ಅಂತಾನೆ. ಅಂಥ ವೀರ. ಅವನಿಗೆ ಶ್ರದ್ಧೆ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ? ನನ್ನನ್ನು ಯಾವಾಗಲೂ ತಟ್ಟುವ ವಿಷಯ ಇನ್ನೊಂದಿದೆ. ಆ ಇಡೀ ಅಧ್ಯಾಯದಲ್ಲಿ ಕೃಷ್ಣ ಆಡುವುದು ಒಂದೇ ಮಾತು, ಇಲ್ಲಿ ಸೇರಿರುವ ಕುರುಗಳನ್ನು ನೋಡು ಪಾರ್ಥ ಅಂತ. ಆಮೇಲೆ ಅರ್ಜುನ ಹೇಳುತ್ತಾ ಹೋಗುತ್ತಾನೆ, ಅವನು ಕೇಳಿಸಿಕೊಳ್ಳುತ್ತಾನೆ. ನಡುವೆ ಬಾಯಿ ಹಾಕುವುದಿಲ್ಲ. ಆ ವಿಷಾದವನ್ನೂ ನಮ್ಮ ಹಿರಿಯರು ಯೋಗ ಅಂತ ಎಣಿಸಿದರು, ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ.

ಹಾಗೆ ಕೇಳಿಸಿಕೊಳ್ಳುವ ಒಬ್ಬರು ನಿಮಗೆ ಬೇಕು. ಡಾಕ್ಟರ್ ಒಬ್ಬರು, ಮನೆಯವರಲ್ಲಿ ಒಬ್ಬರು. ಧ್ಯಾನ ಇರಲಿ, ಆದರೆ ಅದಕ್ಕೂ ಡಾಕ್ಟರನ್ನು ಕೇಳಿ. ಕಣ್ಣು ಮುಚ್ಚಿ ಕೂತಾಗ ಕತ್ತಲೆ ಜಾಸ್ತಿ ಅನ್ನಿಸಿದರೆ ಕಣ್ಣು ಬಿಟ್ಟು ದೀಪ ನೋಡಿ, ಇಲ್ಲ ಎದ್ದು ನಡೆಯಿರಿ. ಬದುಕೇ ಬೇಡ ಅನ್ನುವ ಯೋಚನೆ ಯಾವತ್ತಾದರೂ ಬಂದರೆ ಆ ಕ್ಷಣವೇ ಹತ್ತಿರದವರಿಗೆ ಹೇಳಿ, ಡಾಕ್ಟರಿಗೆ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ.

ಪ್ರಶ್ನೆ: ಒಬ್ಬ ಗುರುಗಳ ಹತ್ತಿರ ಹೋಗುತ್ತಿದ್ದೇನೆ. ಪ್ರಶ್ನೆ ಕೇಳಿದರೆ ಅಹಂಕಾರ ಅಂತಾರೆ. ಈಗ ಸೇವೆಗಾಗಿ ಸಾಲ ಮಾಡಿ ದುಡ್ಡು ಕೊಡು ಅಂತ ಅವರ ಕಡೆಯವರು ಒತ್ತಾಯ ಮಾಡುತ್ತಿದ್ದಾರೆ.

ಕೊಡಬೇಡಿ. ಸ್ವಲ್ಪ ದಿನ ಅಲ್ಲಿಗೆ ಹೋಗುವುದನ್ನೂ ನಿಲ್ಲಿಸಿ, ಮನಸ್ಸು ತಿಳಿಯಾಗಲಿ.

ಗುರುವಿನ ಹತ್ತಿರ ಹೇಗೆ ಕಲಿಯಬೇಕು ಅಂತ ಗೀತೆಯ 4ನೇ ಅಧ್ಯಾಯ ಹೇಳುವಾಗ ಮೂರು ಮಾತು ಬರುತ್ತವೆ: ನಮಸ್ಕಾರ, ಪರಿಪ್ರಶ್ನೆ, ಸೇವೆ. ನಡುವೆ ಇರುವುದು ಪ್ರಶ್ನೆ. ಸುಮ್ನೆ ಪ್ರಶ್ನೆ ಅಂತಲೂ ಇಲ್ಲ, ಪರಿಪ್ರಶ್ನೆ, ಅಂದರೆ ಎಲ್ಲ ಕಡೆಯಿಂದ ಕೇಳುವುದು. ಕಠೋಪನಿಷತ್ತಿನಲ್ಲಿ ನಚಿಕೇತ ಅನ್ನುವ ಹುಡುಗ ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಕಾದು, ಸತ್ತ ಮೇಲೆ ಏನು ಅಂತ ಅವನನ್ನೇ ಕೇಳಿದ. ಯಮ ಬೇರೆ ಏನಾದರೂ ಕೇಳು, ಸಂಪತ್ತು ಕೇಳು, ದೀರ್ಘ ಆಯಸ್ಸು ಕೇಳು ಅಂದ. ಹುಡುಗ ಬಿಡಲಿಲ್ಲ. ಕೊನೆಗೆ ಯಮ ಏನಂದ ಗೊತ್ತಾ? ನಿನ್ನಂತೆ ಕೇಳುವವರು ನಮಗೆ ಸಿಗಲಿ ಅಂದ. ಇನ್ನು ಕೃಷ್ಣ, ಎಲ್ಲ ಉಪದೇಶ ಮುಗಿಯುತ್ತಾ ಬಂದ ಮೇಲೆ ಅರ್ಜುನನಿಗೆ ಹೇಳುವುದು, ಇದನ್ನು ಪೂರ್ತಿ ವಿಚಾರ ಮಾಡಿ ಆಮೇಲೆ ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಮಾಡು ಅಂತ. ಅಷ್ಟು ಬಿಡುಗಡೆ ಕೊಡದ ಕಡೆ ನೀವು ಇರಬೇಕಾಗಿಲ್ಲ. ಬಿಟ್ಟರೆ ಶಾಪ ತಟ್ಟುತ್ತದೆ ಅಂತ ಹೆದರಿಸಿದ್ದಾರೆ ಅಂತಲೂ ಬರೆದಿದ್ದೀರಿ. ಹೆದರಬೇಡಿ, ಮನೆಯವರಿಗೆ ಎಲ್ಲ ತಿಳಿಸಿ.

ಪ್ರಶ್ನೆ: ಗೆಳತಿಗೆ ಒಳ್ಳೆಯದಾದರೆ ಹೊಟ್ಟೆ ಉರಿಯುತ್ತದೆ. ನನ್ನ ಬಗ್ಗೆ ನನಗೇ ಅಸಹ್ಯ.

ಪತಂಜಲಿ ಸುಖವಾಗಿರುವವರಲ್ಲಿ ಸ್ನೇಹ, ದುಃಖದಲ್ಲಿರುವವರಲ್ಲಿ ಕರುಣೆ, ಒಳ್ಳೆಯದು ಮಾಡಿದವರಲ್ಲಿ ಸಂತೋಷ, ಕೆಟ್ಟದ್ದರ ಕಡೆ ಉಪೇಕ್ಷೆ ಬೆಳೆಸಿಕೋ, ಮನಸ್ಸು ತಿಳಿಯಾಗುತ್ತದೆ ಅಂತಾನೆ. ತಾನಾಗಿ ಬರುವುದಾಗಿದ್ದರೆ ಬೆಳೆಸಿಕೋ ಅಂತ ಹೇಳುತ್ತಿರಲಿಲ್ಲ. ಉರಿ ಬಂದಾಗ ಅಸಹ್ಯ ಪಟ್ಟುಕೊಳ್ಳುವ ಬದಲು ಗೆಳತಿಗೆ ಒಂದು ಸಾಲು ಬರೆದು ಕಳಿಸಿ, ತುಂಬಾ ಸಂತೋಷ ಆಯ್ತು ಕಣೇ ಅಂತ. ಮೊದಮೊದಲು ಕೈ ಬರೆಯುತ್ತದೆ, ಮನಸ್ಸು ಹಿಂದೆ ನಿಂತಿರುತ್ತದೆ. ಪರವಾಗಿಲ್ಲ, ಬರೆಯಿರಿ.

ಪ್ರಶ್ನೆ: ನನಗೆ 42 ವರ್ಷ. ಸಂಸಾರದಲ್ಲಿ ಆಸಕ್ತಿ ಇಲ್ಲ. ಎಲ್ಲ ಬಿಟ್ಟು ಆಶ್ರಮಕ್ಕೆ ಹೋಗಬೇಕು ಅನ್ನಿಸುತ್ತದೆ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಂದೆ ತಾಯಿ ಇದ್ದಾರೆ. ಇವರೆಲ್ಲ ಬಂಧನವೇ ಅಲ್ಲವೇ?

ಮಹಾಭಾರತದ ವನಪರ್ವದಲ್ಲಿ ಕೌಶಿಕ ಅನ್ನುವ ಬ್ರಾಹ್ಮಣನ ಕಥೆ ಇದೆ. ಅದು ನಿಮಗೆ ನಾನು ಕೊಡಬಹುದಾದ ಉತ್ತರಕ್ಕಿಂತ ಚೆನ್ನಾಗಿದೆ.

ಅವನು ಮರದ ಕೆಳಗೆ ಕೂತು ವೇದ ಹೇಳುತ್ತಿದ್ದಾಗ ಮೇಲಿದ್ದ ಕೊಕ್ಕರೆ ಅವನ ಮೇಲೆ ಹಿಕ್ಕೆ ಹಾಕಿತು. ಸಿಟ್ಟಿನಿಂದ ನೋಡಿದ. ಕೊಕ್ಕರೆ ಸತ್ತು ಬಿತ್ತು. ಆಮೇಲೆ ಅವನು ಭಿಕ್ಷೆಗೆ ಒಂದು ಮನೆ ಮುಂದೆ ನಿಂತ. ಗಂಡನಿಗೆ ಬಡಿಸುತ್ತಿದ್ದ ಆಕೆ ತಡವಾಗಿ ಬಂದಳು. ಇವನು ಅಲ್ಲೂ ಸಿಟ್ಟಾದ. ನಾನು ಕೊಕ್ಕರೆ ಅಲ್ಲ ಅಂದಳು ಆಕೆ. ಯಾರೂ ಕಾಣದ ಕಾಡಿನಲ್ಲಿ ಆಗಿದ್ದು ಈ ಮನೆಯಾಕೆಗೆ ಹೇಗೆ ಗೊತ್ತಾಯಿತು ಅಂತ ಅವನು ದಂಗಾದ. ಧರ್ಮ ತಿಳಿಯಬೇಕಾದರೆ ಮಿಥಿಲೆಗೆ ಹೋಗಿ ಒಬ್ಬ ವ್ಯಾಧನನ್ನು ನೋಡು ಅಂತ ಆಕೆಯೇ ಕಳಿಸಿದಳು. ಹೋಗಿ ನೋಡಿದರೆ ಅವನು ಮಾಂಸ ಮಾರುವವನು. ಅಂಗಡಿ ಮುಚ್ಚಿ ಕೌಶಿಕನನ್ನು ಮನೆಗೆ ಕರೆದುಕೊಂಡು ಹೋಗಿ ಧರ್ಮದ ಬಗ್ಗೆ ಎಷ್ಟೋ ಹೇಳಿದ. ಕೊನೆಗೆ ತನ್ನ ಮುದಿ ತಂದೆ ತಾಯಿಯನ್ನು ತೋರಿಸಿ, ಇವರೇ ನನ್ನ ದೇವರು ಅಂದ. ಆಮೇಲೆ ಕೌಶಿಕನಿಗೆ ಹೇಳಿದ್ದು ನೇರ ಮಾತು: ನೀನು ನಿನ್ನ ತಂದೆ ತಾಯಿಯ ಅಪ್ಪಣೆ ಇಲ್ಲದೆ ಮನೆ ಬಿಟ್ಟು ಬಂದೆ, ಅವರು ಅತ್ತು ಅತ್ತು ಕುರುಡಾಗಿದ್ದಾರೆ, ವಾಪಸ್ ಹೋಗು. ಕೌಶಿಕ ಹೋದ.

ನೀವು ಆಶ್ರಮಕ್ಕೆ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಸನ್ಯಾಸ ದೊಡ್ಡದು, ಅದಕ್ಕೆ ನಮ್ಮಲ್ಲಿ ದೊಡ್ಡ ಜಾಗ ಇದೆ. ಆದರೆ ನಿಮ್ಮ ಪತ್ರದಲ್ಲಿ ಬೇಕು ಅನ್ನುವುದಕ್ಕಿಂತ ಸಾಕು ಅನ್ನುವುದು ಜಾಸ್ತಿ ಕಂಡಿತು. ಹೆಂಡತಿಯ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ. ಅವರಿಗೆ ಏನು ಅನ್ನಿಸುತ್ತದೆ ಅಂತ ಕೇಳಿದ್ದೀರಾ? ದಣಿವು ಒಮ್ಮೊಮ್ಮೆ ವೈರಾಗ್ಯದ ಬಟ್ಟೆ ಹಾಕಿಕೊಂಡು ಬರುತ್ತದೆ. ಒಂದು ವಾರ ರಜೆ ಹಾಕಿ ಚೆನ್ನಾಗಿ ನಿದ್ದೆ ಮಾಡಿ. ಮನೆಯವರಿಗೆ ಹೇಳಿಯೇ ನಾಲ್ಕು ದಿನ ಆಶ್ರಮದಲ್ಲಿ ಇದ್ದು ಬನ್ನಿ. ಬಂದ ಮೇಲೆ ಒಂದು ವರ್ಷ ಬೆಳಿಗ್ಗೆ ಒಂದು ಗಂಟೆ ಸಾಧನೆ ಮಾಡಿ, ಸಂಜೆ ಒಂದು ಗಂಟೆ ನಿಮ್ಮ ತಂದೆ ತಾಯಿಯ ಹತ್ತಿರ ಕೂರಿ. ಆಮೇಲೆ ಮತ್ತೆ ಬರೆಯಿರಿ. ಖಂಡಿತ ಉತ್ತರಿಸುತ್ತೇನೆ.

ಪ್ರಶ್ನೆ: ಅಪ್ಪ ತೀರಿಕೊಂಡು ಏಳು ತಿಂಗಳಾಯಿತು. ಹಿಂದಿನ ದಿನ ಫೋನಿನಲ್ಲಿ ಜಗಳ ಆಡಿದ್ದೆ. ತಂಗಿಯ ಜೊತೆ ಮಾತು ಬಿಟ್ಟು ಮೂರು ವರ್ಷ, ಅವಳಿಗೆ ಒಂದು ಫೋನ್ ಮಾಡೋ ಅಂದರು. ನಿಮಗೆ ಯಾವಾಗಲೂ ಅವಳೇ ಮುಖ್ಯ ಅಂತ ಕೂಗಿ ಫೋನ್ ಇಟ್ಟೆ. ಕೊನೇ ಗಳಿಗೆಯಲ್ಲೂ ಹತ್ತಿರ ಇರಲಿಲ್ಲ. ಆತ್ಮಕ್ಕೆ ಸಾವಿಲ್ಲ, ಅಳಬೇಡ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಫೋನ್ ಇಟ್ಟ ಶಬ್ದವೇ ಕೇಳುತ್ತಿರುತ್ತದೆ.

ಅಳಬೇಡಿ ಅಂತ ನಾನು ಹೇಳುವುದಿಲ್ಲ. ದಶರಥ ಹೋದಾಗ ರಾಮನೂ ಹತ್ತಿರ ಇರಲಿಲ್ಲ. ಚಿತ್ರಕೂಟಕ್ಕೆ ಭರತ ಬಂದು ಹೇಳಿದ ಮೇಲೆಯೇ ಗೊತ್ತಾಗಿದ್ದು. ಕಡಿದ ಮರದ ಹಾಗೆ ಬಿದ್ದುಬಿಟ್ಟ ರಾಮ. ಎಚ್ಚರ ಆದ ಮೇಲೆ ಅತ್ತ. ಆಮೇಲೆ ಎದ್ದು ಮಂದಾಕಿನಿ ನದಿಗೆ ಇಳಿದು ನೀರು ಬಿಟ್ಟ. ಪಿಂಡಕ್ಕೆ ಕಾಡಿನಲ್ಲಿ ಏನಿತ್ತು? ಇಂಗುದಿ ಕಾಯಿಯ ಹಿಂಡಿ, ಎಲಚಿ ಹಣ್ಣು. ನಾವು ತಿನ್ನುವುದು ಇದೇ, ಇದನ್ನೇ ತಗೊಳ್ಳಿ ಅಂತ ಅರ್ಪಿಸಿದ. ಅತ್ತಿದ್ದೂ ಇದೆ, ಎದ್ದು ಕೈಲಾದದ್ದು ಮಾಡಿದ್ದೂ ಇದೆ. ನಾನು ನನ್ನ ಅಮ್ಮನನ್ನು ಕಳೆದುಕೊಂಡ ವರ್ಷ ಈ ಭಾಗವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವರ ಕನ್ನಡಕ ಕಿಟಕಿ ಹತ್ತಿರ ಇಟ್ಟಲ್ಲೇ ಇತ್ತು, ಒಂದು ಗಾಜಿನ ಮೇಲೆ ಹೆಬ್ಬೆರಳಿನ ಗುರುತು. ತಿಂಗಳುಗಟ್ಟಲೆ ಅದನ್ನು ಒರೆಸಲು ಕೈ ಬರಲಿಲ್ಲ. ಆತ್ಮಕ್ಕೆ ಸಾವಿಲ್ಲ ಅನ್ನುವುದು ನಾನು ನಂಬಿದ ಮಾತು, ಆಗಲೂ ನಂಬಿದ್ದೆ. ಆ ಗುರುತು ನೋಡಿದಾಗ ಅಳು ಬರುತ್ತಿತ್ತು, ಅದೂ ನಿಜ.

ನಿಮ್ಮಪ್ಪನಿಗೆ ನಿಮ್ಮ ಸಿಟ್ಟು ಹೊಸದಾಗಿರಲಿಲ್ಲ ಅಲ್ವಾ? ಚಿಕ್ಕಂದಿನಿಂದ ಕಂಡವರು. ಒಂದು ಫೋನಿನ ಎರಡು ನಿಮಿಷದಿಂದ ಅವರು ನಿಮ್ಮನ್ನು ಅಳೆದಿರುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ನೀವು ಮಾತ್ರ ನಿಮ್ಮನ್ನು ಅದರಿಂದಲೇ ಅಳೆಯುತ್ತಿದ್ದೀರಿ.

ಶ್ರದ್ಧೆಯಿಂದ ಮಾಡುವುದಕ್ಕೆ ಶ್ರಾದ್ಧ ಅಂತ ಹೆಸರು. ತರ್ಪಣ ಬಿಡುವಾಗ ಅಪ್ಪನ ಹೆಸರು ಹೇಳುತ್ತೀರಿ, ಎಳ್ಳು ನೀರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಇಳಿಯುತ್ತದೆ. ಮುಂದಿನ ಸಲ ಆ ಹೆಸರು ಹೇಳಿದ ಮೇಲೆ ಒಂದು ಕ್ಷಣ ನಿಲ್ಲಿ. ಅವತ್ತು ಹಾಗೆ ಕೂಗಿದ್ದು ತಪ್ಪಾಯ್ತು ಅಪ್ಪಾ ಅಂತ ನಿಮ್ಮ ಮಾತಿನಲ್ಲೇ ಹೇಳಿ. ಮಂತ್ರದ ನಡುವೆ ಮಾತಾಡಬಹುದಾ ಅಂತ ಸಂಕೋಚ ಬೇಡ.

ಆದರೆ ಅದಕ್ಕೆ ಅಮಾವಾಸ್ಯೆ ಬರಬೇಕು, ತಿಥಿ ಬರಬೇಕು. ಅಪ್ಪ ಕೇಳಿದ ಕೆಲಸಕ್ಕೆ ಯಾವ ದಿನವೂ ಕಾಯಬೇಕಾಗಿಲ್ಲ. ಅವರು ನಿಮ್ಮಿಂದ ಕೇಳಿದ್ದು ಒಂದು ಫೋನ್. ತಂಗಿಯೂ ಅಪ್ಪನನ್ನು ಕಳೆದುಕೊಂಡಿದ್ದಾಳೆ, ಅವಳ ಕಿವಿಯಲ್ಲೂ ಏನಾದರೂ ಶಬ್ದ ಉಳಿದಿರಬಹುದು. ಯಾರದ್ದು ಸರಿ, ಯಾರದ್ದು ತಪ್ಪು ಅನ್ನುವುದನ್ನು ಇವತ್ತು ತೆಗೆಯಬೇಡಿ. ಎತ್ತದಿದ್ದರೆ ನಾಳೆ ಮತ್ತೆ ಮಾಡಿ. ಎತ್ತಿದರೆ ಏನು ಮಾತಾಡಬೇಕು ಅಂತ ತೋಚದೇ ಹೋಗಬಹುದು. ಅಪ್ಪ ನಿನಗೆ ಫೋನ್ ಮಾಡು ಅಂದಿದ್ದರು ಅಂತ ಶುರು ಮಾಡಿ.